ಗೆಳೆಯನಿಗೊಂದು ಪತ್ರ: ಮಡಿಲಿನ ಮಗು ಮತ್ತು ಮತದ ಹಕ್ಕು

ಪ್ರಿಯ ಗೆಳೆಯಾ,

ನಿನ್ನ ಹಿಂದಿನ ಪತ್ರಕ್ಕೆ ಉತ್ತರ ಬಾಕಿಯಿದೆ. ಅದು ಕಾಯಲಿ. ಈಚೆಗೆ ಸರೋಜಿನಿ ನಾಯ್ಡು ನನ್ನ ತಲೆಯೊಳಗೆ ಕುಳಿತುಬಿಟ್ಟಿದ್ದಾರೆ. ಅವರೊಂದಿಗೆ ನನಗೊಂದು ಜಗಳವಿದೆ.

1917ರ ಡಿಸೆಂಬರಿನಲ್ಲಿ ಮದ್ರಾಸಿಗೆ ಬಂದಿದ್ದ, ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಹೊಣೆ ಹೊತ್ತಿದ್ದ ಮಂತ್ರಿ ಮಾಂಟೆಗು ಅವರನ್ನು ಮಹಿಳೆಯರ ನಿಯೋಗವೊಂದು ಕಂಡಿತು. ಮುಂದೆ ಸರೋಜಿನಿ, ಹಿಂದೆ ಓಡಾಡಿದವರು ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್. ಶಾಸನಸಭೆಯನ್ನು ಜನರೇ ಆರಿಸಬೇಕೆಂದು ಕಾಂಗ್ರೆಸ್ಸೂ ಮುಸ್ಲಿಂ ಲೀಗೂ ಕೂಡಿ ಕೇಳುತ್ತಿದ್ದ ಕಾಲ. ಮತದ ವಿಷಯದಲ್ಲಿ ನಿಯೋಗದ ಮನವಿ ಕೇಳಿದ್ದು ಇಷ್ಟೇ: ಆ ಜನರಲ್ಲಿ ನಮ್ಮನ್ನೂ ಎಣಿಸಿ, ಹೆಂಗಸರೆಂಬ ಕಾರಣಕ್ಕೆ ಹೊರಗಿಡಬೇಡಿ. ನಾವು ಎಷ್ಟು ಒಳ್ಳೆಯವರು, ಯಾರಿಗೆ ಎಷ್ಟು ಉಪಯೋಗ ಎಂಬ ವಿವರಣೆಗೆ ಅದು ಹೋಗಲಿಲ್ಲ. ಓದಿದಾಗ ಬೆನ್ನು ನೆಟ್ಟಗಾಯಿತು.

1918ರಲ್ಲಿ ಸರೋಜಿನಿ ಇದೇ ಬೇಡಿಕೆಯನ್ನು ಮೊದಲು ಬಿಜಾಪುರದ ಪ್ರಾಂತೀಯ ಸಮ್ಮೇಳನದಲ್ಲಿ, ಆಮೇಲೆ ಬೊಂಬಾಯಿಯ ಕಾಂಗ್ರೆಸ್ ವಿಶೇಷ ಅಧಿವೇಶನದಲ್ಲಿ ಮಂಡಿಸಿದರು. ಬೊಂಬಾಯಿಯಲ್ಲಿ ಅವರ ದನಿ ಬೇರೆಯಾಗಿತ್ತು. ನಿಮ್ಮ ಅಧಿಕಾರದಲ್ಲಿ ಕೈಹಾಕಲು ನಾವು ಮತ ಕೇಳುತ್ತಿಲ್ಲ, ಮಡಿಲಲ್ಲಿರುವ ಮಕ್ಕಳ ಮನಸ್ಸಿನಲ್ಲಿ ರಾಷ್ಟ್ರದ ಶೀಲಕ್ಕೆ ತಳಹದಿ ಹಾಕಲು ಕೇಳುತ್ತಿದ್ದೇವೆ ಎಂದರು. ಸಾವಿರಾರು ಗಂಡಸರ ಎದುರು ನಿಂತು ಠರಾವು ಗೆಲ್ಲಿಸಬೇಕಿದ್ದ ಹೆಂಗಸು ಹಾಗೆ ಮಾತಾಡಿದ್ದು ಅರ್ಥವಾಗುತ್ತದೆ. ಠರಾವು ಗೆದ್ದಿತು ಕೂಡ. ಆದರೆ ಯಾರಿಗೆ ಮತ ಕೊಡಬೇಕೆಂದು ನೋಡಲು ಬ್ರಿಟಿಷರು ನೇಮಿಸಿದ್ದ ಸೌತ್‌ಬರೋ ಸಮಿತಿ, ಇಲ್ಲಿನ ಸಮಾಜ ಇದಕ್ಕೆ ಸಿದ್ಧವಿಲ್ಲವೆಂದು ಮಹಿಳಾ ಮತವನ್ನು ತಳ್ಳಿಹಾಕಿತು. ಅಷ್ಟೊಂದು ತಗ್ಗಿ ಮಾತಾಡಿದ ಮೇಲೂ!

1919ರ ಭಾರತ ಸರ್ಕಾರ ಕಾಯ್ದೆ, ಹೆಂಗಸರಿಗೆ ಮತ ಕೊಡಬೇಕೇ ಎಂಬ ನಿರ್ಧಾರವನ್ನು ಪ್ರಾಂತಗಳ ಶಾಸನಸಭೆಗಳಿಗೆ ದಾಟಿಸಿತು. 1921ರಲ್ಲಿ ಮದ್ರಾಸ್ ಒಪ್ಪಿತು, ಹಾಗಾಗಿ ಆಗ ಆ ಪ್ರಾಂತಕ್ಕೇ ಸೇರಿದ್ದ ನಮ್ಮ ಮಂಗಳೂರಿನ ಕಡೆಯ ಹೆಂಗಸರಿಗೂ ಮತ ಬಂತು. ಅದೂ ಆಸ್ತಿ, ತೆರಿಗೆಯ ಅರ್ಹತೆ ಇದ್ದ ಕೆಲವರಿಗೆ ಮಾತ್ರ. 1926ರಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ಮಂಗಳೂರಿನಿಂದಲೇ ಸ್ಪರ್ಧಿಸಿ ಕೂದಲೆಳೆಯಲ್ಲಿ ಸೋತರು.

ನನ್ನ ಜಗಳ ಆ ಮಡಿಲಿನ ಜೊತೆಗೆ. ನನ್ನ ಮಡಿಲಲ್ಲಿ ಮಗುವಿಲ್ಲ, ನಿನಗೆ ಗೊತ್ತು. ಆ ವಾದದೊಳಗೆ ನನಗೆ ಜಾಗವೆಲ್ಲಿ? ಬಾಲವಿಧವೆಯಾಗಿ ಮೂಲೆಯಲ್ಲಿ ಉಳಿದವಳಿಗೆ ಎಲ್ಲಿ? ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ನಾನು ಕರಾವಳಿಗೆ ವರ್ಗಾವಣೆ ಕೇಳಿದ ಅರ್ಜಿ ನೆನಪಿದೆಯಲ್ಲ? 'ವೃದ್ಧ ತಾಯಿಯ ಆರೈಕೆಗಾಗಿ' ಎಂದು ಬರೆದಿದ್ದೆ. ಅದು ನಿಜ. ಅಷ್ಟೇ ನಿಜವಾದ ಇನ್ನೊಂದು ಮಾತೂ ಇತ್ತು: ನನಗೆ ಸಮುದ್ರ ಬೇಕಿತ್ತು, ಸಂಜೆಗಳು ಬೇಕಿದ್ದವು. ಅಮ್ಮ ತೀರಿಕೊಂಡ ಮೇಲೆ ನಾನಿಲ್ಲಿ ಯಾವ ಕಾರಣಕ್ಕೆ ಇದ್ದೇನೆ ಎಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ ಇವತ್ತಿಗೂ ಹೋಗಿಲ್ಲ. ಮತಗಟ್ಟೆಯಲ್ಲಿ ಮಾತ್ರ ಅದಿಲ್ಲ. ಅಲ್ಲಿ ಹೆಸರು ಕೂಗುತ್ತಾರೆ, ಬೆರಳಿಗೆ ಶಾಯಿ ಹಚ್ಚುತ್ತಾರೆ, ಯಾರಿಗಾಗಿ ಬಂದೆ ಎಂದು ಕೇಳುವುದಿಲ್ಲ.

ಇರಲಿ, ನಾಲ್ಕು ಜನ ಓದುವ ಪತ್ರದಲ್ಲಿ ಇಷ್ಟು ಸಾಕು. ಮದ್ರಾಸಿನ ಮನವಿ, ಬೊಂಬಾಯಿಯ ಭಾಷಣ ಎರಡನ್ನೂ ನಿನ್ನ ತರಗತಿಯ ಹುಡುಗಿಯರಿಗೆ ಓದಿ ಹೇಳು. ಅವರಾದರೆ ಯಾವುದಕ್ಕೆ ಸಹಿ ಹಾಕುತ್ತಿದ್ದರು, ತಿಳಿಸು. ಉಪ್ಪಿನಕಾಯಿಯ ಭರಣಿ ಇನ್ನೂ ನನ್ನ ಬಳಿಯೇ ಇದೆ. ಬಂದು ಕೇಳಿದರೆ ಮಾತ್ರ ಕೊಡುತ್ತೇನೆ.

ನಿನ್ನ ಗೆಳತಿ