ಟೆಕ್ನಿಷಿಯನ್ ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ಸೋಮವಾರ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು! "ಇನ್ನೂ ಮುಗೀಲಿಲ್ವಾ?" ಅಂತ ಕೇಳುತ್ತಿದ್ದ ನೆಂಟರು ಇನ್ನು ಬೇರೆ ಪ್ರಶ್ನೆ ಹುಡುಕಿಕೊಳ್ಳಬಹುದು.

ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಫೆಲೋಶಿಪ್ ತಡವಾದಾಗ ಬಾಡಿಗೆ ಕೇಳದೆ ಸುಮ್ಮನಿದ್ದ ರೂಮ್‌ಮೇಟ್‌ಗೆ, ಅಮ್ಮನಿಗೆ, ತಮ್ಮನಿಗೆ ತುಂಬಾ ಥ್ಯಾಂಕ್ಸ್. ನಿಮಗೆಲ್ಲ ಸೇರಿ ಒಂದೇ ಸಾಲು. ಬೇಜಾರು ಮಾಡ್ಕೋಬೇಡಿ, ಉಳಿದ ಜಾಗ ನಮ್ಮ ಟೆಕ್ನಿಷಿಯನ್ ಅಕ್ಕನಿಗೆ ಬೇಕು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುತ್ತಿಲ್ಲ.

ನನ್ನ ಕೆಲಸ ರಕ್ತನಾಳದ ಒಳಪದರದ ಮೇಲೆ. ಒಂದೇ ಕೋಶದಷ್ಟು ದಪ್ಪದ ಪದರ ಅದು. ಅಲ್ಲಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಟು ಪಕ್ಕದ ಸ್ನಾಯುವಿಗೆ ಸೇರುತ್ತದೆ. ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ. ಇದನ್ನು ಅಳೆಯಲು ಇಲಿಯ ಮಹಾಪಧಮನಿಯಿಂದ ಸಣ್ಣ ಉಂಗುರಗಳನ್ನು ಕತ್ತರಿಸಿ, ತಂತಿಗೆ ಪೋಣಿಸಿ, 37 ಡಿಗ್ರಿಯ ದ್ರಾವಣದಲ್ಲಿ ತೂಗುಹಾಕಬೇಕು. ತಂತಿ ಒಳಗೋಡೆಗೆ ಉಜ್ಜಿತೋ, ಕಥೆ ಮುಗೀತು. ಪದರ ಕಿತ್ತುಹೋಗುತ್ತದೆ, ನಾಳವನ್ನು ಸಡಿಲಿಸಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ಅದು ಸಡಿಲವಾಗುವುದಿಲ್ಲ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿಕೊಟ್ಟಿದ್ದು ಇದನ್ನೇ. 1998ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಅವರನ್ನು ಆ ದಾರಿಗೆ ಹಚ್ಚಿದ್ದು ಮಾತ್ರ ಅವರ ಟೆಕ್ನಿಷಿಯನ್. 1978ರಲ್ಲಿ ಆ ಟೆಕ್ನಿಷಿಯನ್ ಕ್ರಮ ತಪ್ಪಿ ಮದ್ದು ಹಾಕಿದಾಗ, ಬಿಗಿಯಬೇಕಿದ್ದ ನಾಳ ಸಡಿಲವಾಗಿತ್ತು. ನೊಬೆಲ್ ಕಥೆ ಹೇಳುವಾಗ ಈ ಭಾಗ ಯಾಕೋ ಬಿಟ್ಟುಹೋಗುತ್ತದೆ, ಅಲ್ವಾ?

ಉಂಗುರ ಪೋಣಿಸುವುದನ್ನು ನನಗೆ ಕಲಿಸಿದ್ದು ಗೈಡ್ ಅಲ್ಲ, ಅಕ್ಕ. (ಗೈಡ್ ಇದನ್ನು ಓದಿ ನಗುತ್ತಾರೆ.)

ಅಪ್ಪನಿಗೆ ಎದೆನೋವು ಬಂದದ್ದು ನಿಮಗೆಲ್ಲ ಗೊತ್ತು. ಫೋನ್ ಬಂದಾಗ ಉಂಗುರಗಳು ಆಗಲೇ ದ್ರಾವಣದಲ್ಲಿದ್ದವು. ನಿಲ್ಲಿಸಿಬಿಡೋಣ ಅಂದೆ. "ನೀನು ಸಾಗರದ ಬಸ್ ಹತ್ತು. ಒಂದು ಜೀವ ತೆಗೆದಿದ್ದೀವಿ, ಸುಮ್ನೆ ಚೆಲ್ಲೋಕಾಗಲ್ಲ" ಅಂದರು ಅಕ್ಕ. ಅವರ ಡ್ಯೂಟಿ ಮುಗಿದಿತ್ತು. ಮರುದಿನ ಮಗಳಿಗೆ ಪರೀಕ್ಷೆ ಬೇರೆ. ಆದರೂ ಕಾಲು ಗಂಟೆಗೊಮ್ಮೆ ದ್ರಾವಣ ಬದಲಿಸುತ್ತಾ, ಪುಸ್ತಕದಲ್ಲಿ ಗುರುತು ಹಾಕುತ್ತಾ ಒಬ್ಬರೇ ಕೂತರು.

ಬಸ್ಸಿನಲ್ಲಿ ನನಗೆ ನನ್ನ ವಿಷಯದ ಮೇಲೇ ಸಿಟ್ಟು ಬಂತು. ಅಪ್ಪನ ನಾಲಿಗೆ ಕೆಳಗಿಟ್ಟ ಸಾರ್ಬಿಟ್ರೇಟ್ ಮಾತ್ರೆ ಕೆಲಸ ಮಾಡುವುದೂ ಇದೇ ನೈಟ್ರಿಕ್ ಆಕ್ಸೈಡ್‌ನಿಂದ. ಅದು ಸ್ನಾಯುವಿನೊಳಗೆ ಗ್ವಾನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಹೇಗೆ ಎಬ್ಬಿಸುತ್ತದೆ ಅಂತ ಪುಟಗಟ್ಟಲೆ ಬರೆದಿದ್ದೆ. ಅಪ್ಪ ಉಳೀತಾರಾ ಅಂತ ತಮ್ಮ ಕೇಳಿದರೆ ಹೇಳಲು ನನ್ನ ಹತ್ರ ಏನೂ ಇರಲಿಲ್ಲ. ತುಮಕೂರು ದಾಟಿದ ಮೇಲೆ ಅತ್ತೆ. ಅಷ್ಟರಲ್ಲಿ ಅಕ್ಕನ ಫೋನ್. ರೀಡಿಂಗ್ ಸುದ್ದಿಯೇ ಇಲ್ಲ. "ಏನಾದ್ರೂ ತಿಂದ್ಯಾ? ಅಮ್ಮನ ಜೊತೆ ಯಾರಿದ್ದಾರೆ?" ಬೆಳಗಾಗುವ ತನಕ ಆಗಾಗ ಮಾಡುತ್ತಲೇ ಇದ್ದರು. ಮಾತಿಲ್ಲದಿದ್ದರೂ ಇಡುತ್ತಿರಲಿಲ್ಲ.

ಅಪ್ಪ ಈಗ ಆರಾಮ. ಉಪ್ಪಿನಕಾಯಿ ಬಿಡಿ ಅಂದರೆ ಮಾತ್ರ ಕೇಳುವುದಿಲ್ಲ.

ಆ ರಾತ್ರಿಯ ರೀಡಿಂಗ್‌ಗಳು ನಾಲ್ಕನೇ ಅಧ್ಯಾಯದಲ್ಲಿವೆ. ವೈವಾದಲ್ಲಿ ಪರೀಕ್ಷಕರು ಆ ಗ್ರಾಫ್ ನೋಡಿ, ಇಷ್ಟು ನೀಟಾಗಿ ಯಾರು ತೆಗೆದಿದ್ದು ಅಂತ ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಅಕ್ಕನನ್ನು ತೋರಿಸಿದೆ. ಈಗ ಬರೆಯುತ್ತಿರುವ ಪೇಪರಿನಲ್ಲಿ ಅವರು ಎರಡನೇ ಲೇಖಕಿ, ಗೈಡ್ ಕೂಡ ಒಪ್ಪಿದ್ದಾರೆ. "ನನಗ್ಯಾಕೆ ಇವೆಲ್ಲ" ಅಂತ ಅಕ್ಕ ಇನ್ನೂ ರಾಗ ಎಳೆಯುತ್ತಿದ್ದಾರೆ. ಅಕ್ಕಾ, ಫಾರಂ ನಿಮ್ಮ ಟೇಬಲ್ ಮೇಲಿದೆ. ಶುಕ್ರವಾರದೊಳಗೆ ಸಹಿ ಹಾಕಿ ಕೊಡಿ.