ಓಪನ್ ಡೇ ದಿನ ದೋಣಿ ಮಗುಚಿದ್ದರ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಭಾನುವಾರ ನಮ್ಮ ಏಳನೇ ಮತ್ತು ಎಂಟನೇ ತರಗತಿಯ ಮಕ್ಕಳು ಸೇಲಿಂಗ್ (ಹಾಯಿದೋಣಿ) ಕ್ಲಬ್‌ನ ಓಪನ್ ಡೇಗೆ ಹೋಗಿ ಬಂದರು. ಅವತ್ತು ರಾತ್ರಿಯಿಂದಲೇ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ದೋಣಿ ವಾಲುತ್ತದೆ, ಹುಡುಗಿ ನೀರಿಗೆ ಬೀಳುತ್ತಾಳೆ, ದಡದಲ್ಲಿ ಯಾರೋ "ಅಯ್ಯಯ್ಯೋ" ಅಂತಾರೆ, ಅಲ್ಲಿಗೆ ಮುಗಿಯಿತು. ಸೋಮವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ನನ್ನ ಕೋಣೆ ಮುಂದೆ ಜನ ಸೇರಿದ್ದರು. "ಮಕ್ಕಳನ್ನ ನೀರಾಗ ಯಾಕ ಕೆಡವಿದ್ರಿ ಮೇಡಂ?" ಎಂದು ಕೆಲವರು ಕೇಳಿದರು. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. "ನಮ್ಮ ಹುಡುಗನ್ನ ರೇಸಿಗೆ ಬಿಡಲೇ ಇಲ್ಲ, ದಂಡಿ ಮ್ಯಾಲೆ ಕುಂದ್ರಿಸಿದ್ರಿ!" ಎರಡು ದೂರಿಗೂ ಉತ್ತರ ಒಂದೇ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ವಿಡಿಯೋದಲ್ಲಿ ಇರುವುದು ಅಪಘಾತ ಅಲ್ಲ. ದೋಣಿಯನ್ನು ಬೇಕಂತಲೇ ಮಗುಚಿದ್ದು. ರೇಸಿಗೆ ಇಳಿಯುವ ಪ್ರತಿ ಮಗುವೂ ಮೊದಲು ದೋಣಿ ಮಗುಚಿ, ತಾನೇ ಎತ್ತಿ ನಿಲ್ಲಿಸಿ, ಒಳಗೆ ಹತ್ತಿ ತೋರಿಸಬೇಕು. ತೋರಿಸಿದವರಿಗೆ ರೇಸು, ಇಲ್ಲದವರಿಗೆ ದಡ. ಕ್ಲಬ್‌ನವರು ಮೊದಲೇ ಹೇಳಿದ್ದರು, ನಾನು ಒಪ್ಪಿಯೇ ಕಳುಹಿಸಿದ್ದು.

ಆಪ್ಟಿಮಿಸ್ಟ್ ಅನ್ನುವ ಈ ದೋಣಿ ಮಕ್ಕಳಿಗಾಗಿಯೇ ಮಾಡಿದ್ದು. ಉದ್ದ ಸುಮಾರು 2.3 ಮೀಟರ್. ಹಾಯಿ, ಕಂಬ ಬಿಟ್ಟು ಬರೀ ದೋಣಿ 35 ಕಿಲೋ. ಮಗುಚಿದರೂ ತೇಲಲಿ ಅಂತ ಒಳಗೆ ಗಾಳಿಚೀಲ ಕಟ್ಟಿರುತ್ತಾರೆ. ಇಷ್ಟು ಹಗುರ ದೋಣಿ ಜೋರು ಗಾಳಿಗೆ ಒಂದಲ್ಲ ಒಂದು ದಿನ ಮಗುಚಿಯೇ ಮಗುಚುತ್ತದೆ. ಒಲಿಂಪಿಕ್ಸ್‌ಗೆ ಹೋದವರದೂ ಮಗುಚುತ್ತದೆ.

ವಿಡಿಯೋ ನಿಂತ ಮೇಲೆ ಏನಾಯಿತು ಅಂತ ಹೇಳುತ್ತೇನೆ, ನಾನು ಅಲ್ಲೇ ಇದ್ದೆ. ಲೈಫ್ ಜಾಕೆಟ್ ಅವಳನ್ನು ತಕ್ಷಣ ಮೇಲೆ ತಂದಿತು. ಮುಖ ಒರೆಸಿಕೊಂಡು, ದೋಣಿ ಕೈಬಿಡದೆ, ಸುತ್ತು ಹಾಕಿ ತಳದ ಕಡೆ ಬಂದಳು. ಅಲ್ಲಿ ಹೊರಗೆ ಚಾಚಿದ್ದ ಹಲಗೆ ಹಿಡಿದು ಜೋತುಬಿದ್ದಳು. ಮೊದಲ ಸಲ ಹಾಯಿ ಸ್ವಲ್ಪ ಅಲುಗಿತು, ಏಳಲಿಲ್ಲ. ಮತ್ತೆ ಮೈಭಾರವೆಲ್ಲ ಹಾಕಿದಳು. ನೀರು ಸುರಿಸುತ್ತಾ ಹಾಯಿ ಎದ್ದಿತು. ಒಳಗೆ ಹತ್ತಿ, ದಾರ ಕಟ್ಟಿಟ್ಟಿದ್ದ ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನಿನಿಂದ ನೀರು ತೋಡಿ ಚೆಲ್ಲಿದಳು. ಕ್ಲಬ್‌ನ ಮೋಟಾರ್ ದೋಣಿ ಪಕ್ಕದಲ್ಲೇ ಕಾಯುತ್ತಿತ್ತು, ಅದರಲ್ಲಿದ್ದವರು ಕೈ ಹಾಕುವ ಪ್ರಸಂಗ ಬರಲಿಲ್ಲ. ಆಮೇಲೆ ಅವಳು ರೇಸು ಪೂರ್ತಿ ಮುಗಿಸಿದಳು. ಅದರ ವಿಡಿಯೋ ಮಾತ್ರ ಯಾರೂ ಹಾಕಲಿಲ್ಲ!

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಗೆ ಹೋದರೂ ಗಿರ್ಮಿಟ್ ತಿಂದು, ಗಾಳಿ ತಗೊಂಡು, ಮಕ್ಕಳ ಕೈ ಬಿಡದೆ ವಾಪಸ್ ಬರುವವರು ನಾವು. ನಾನೂ ಹಾಗೇ. ಆದರೆ ಬಿದ್ದರೆ ಏನು ಮಾಡಬೇಕು ಅಂತ ಗೊತ್ತಿಲ್ಲದ ಮಗುವನ್ನು ಒಂಟಿಯಾಗಿ ದೋಣಿಯಲ್ಲಿ ಕೂರಿಸಿ ಗಾಳಿಗೆ ಬಿಡುವ ಧೈರ್ಯ ನನಗಿಲ್ಲ. ನಿಮಗಿದೆಯಾ? ನಮ್ಮ ಟೀಚರ್‌ಗಳ ಎದುರು, ಕ್ಲಬ್‌ನವರ ಕಣ್ಣಳತೆಯಲ್ಲಿ ಒಮ್ಮೆ ಬಿದ್ದು ಎದ್ದಿರಲಿ ಅನ್ನುವುದಷ್ಟೇ ಲೆಕ್ಕ.

ರೇಸಿನ ಬಗ್ಗೆಯೂ ಒಂದು ದೂರಿದೆ. "ನೆಟ್ಟಗೆ ಹೋಗೋದು ಬಿಟ್ಟು ಅತ್ತ ಇತ್ತ ಸುತ್ತಿಸಿದ್ರು" ಅಂತ. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೆಟ್ಟಗೆ ಹೋಗುವುದಿಲ್ಲ. ಅರಬೈಲ್ ಘಾಟಿನ ರಸ್ತೆಯ ಹಾಗೆ ಅಡ್ಡಡ್ಡ ತಿರುಗುತ್ತಲೇ ಮೇಲೇರಬೇಕು. ಎಲ್ಲಿ ತಿರುಗಬೇಕು ಅನ್ನುವುದರಲ್ಲೇ ಅರ್ಧ ಆಟ ಇದೆ. ರೇಸ್ ಶುರುವಿನ ಹಾರ್ನ್ ಆಗುವ ಮೊದಲೇ ಗೆರೆ ದಾಟಿದ ಹುಡುಗ ವಾಪಸ್ ಬಂದು ಮತ್ತೆ ಹೊರಟದ್ದೂ ನಿಯಮವೇ, ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅಂದ ಹಾಗೆ, ಈ ಆಟದ ನಿಯಮ ಪುಸ್ತಕ ಶುರುವಾಗುವುದೇ ಅಪಾಯದಲ್ಲಿ ಇರುವವರಿಗೆ ನೆರವಾಗಬೇಕು ಅನ್ನುವ ನಿಯಮದಿಂದ. ಲೈಫ್ ಜಾಕೆಟ್ ವಿಷಯ ಅದರ ಬೆನ್ನಿಗೇ ಇದೆ.

"ಇದೆಲ್ಲ ಸಮುದ್ರದ ಕಡೆಯವರಿಗೆ, ನಮಗ್ಯಾಕೆ?" ಎಂದರು ಒಬ್ಬರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬಾಲಕಿಯರ ಡಿಂಗಿ (ಚಿಕ್ಕ ಹಾಯಿದೋಣಿ) ರೇಸಿನಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದವರು. ಪಳಗಿದ್ದು ಭೋಪಾಲದ ಕೆರೆಯಲ್ಲಿ. ಸಮುದ್ರ ನಮಗೆ ಹತ್ತಿರವೋ ಭೋಪಾಲಕ್ಕೋ, ನೀವೇ ಹೇಳಿ.

ಈಗ ದಡದಲ್ಲಿ ಕೂತ ಮಕ್ಕಳ ವಿಷಯ. ಅದು ಶಿಕ್ಷೆ ಅಲ್ಲ. ಕೆಲವರಿಗೆ ಬೀಳಲು ಮನಸ್ಸಾಗಲಿಲ್ಲ, ನಾವು ಒತ್ತಾಯ ಮಾಡಲಿಲ್ಲ. ಮಾಡುವುದೂ ಇಲ್ಲ. ಅವರು ಬಾವುಟ ಏರಿಸಿದರು, ಯಾರು ಎಷ್ಟನೆಯವರು ಅಂತ ಬರೆದುಕೊಂಡರು, ಖುಷಿಯಾಗಿಯೇ ಇದ್ದರು. "ಫೀಸ್ ಎಲ್ಲರಿಗೂ ಒಂದೇ ಅಲ್ವಾ?" ಅಂದರೆ, ಹೌದು, ಒಂದೇ. ನಿಯಮವೂ ಎಲ್ಲರಿಗೂ ಒಂದೇ. ಮಗುಚಿ ಎತ್ತದೆ ರೇಸ್ ಇಲ್ಲ. ಮುಂದಿನ ತಿಂಗಳು ಮತ್ತೆ ಅವಕಾಶ ಇದೆ. ಹೆದರುವ ಮಕ್ಕಳಿಗೆ ಸೊಂಟದವರೆಗಿನ ನೀರಿನಲ್ಲಿ, ಪಿಟಿ ಟೀಚರ್ ಪಕ್ಕದಲ್ಲೇ ನಿಂತು ಮೊದಲು ಅಭ್ಯಾಸ ಮಾಡಿಸುತ್ತಾರೆ. ಆಗಲೂ ಬೇಡ ಅಂದರೆ ಬೇಡ. ಸುಮ್ನೆ ಮನೆಯಲ್ಲಿ ಬೈಯಬೇಡಿ.

ಮುಂದಿನ ತಿಂಗಳಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಶುಕ್ರವಾರದೊಳಗೆ ಕ್ಲಾಸ್ ಟೀಚರ್‌ಗೆ ಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ತಾ.ಕ.: ಎರಡು ಟವೆಲ್, ಒಂದೇ ಒಂದು ಕಾಲಿನ ನೀಲಿ ಚಪ್ಪಲಿ ಆಫೀಸಿನಲ್ಲಿವೆ. ಜಾಸ್ತಿ ದಿನ ಇಟ್ಟುಕೊಳ್ಳಲು ಆಗುವುದಿಲ್ಲ.