ಆ ಅಕ್ಟೋಬರ್ ಸಂಚಿಕೆಯ ಕವರು ಬಿಚ್ಚು

ಮೈಸೂರು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಕೆಲಸ, ಹೊಸ ಮನೆ, ಅದೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಆ ವಿಷಯ ಬರೆಯುತ್ತಾ ಕೂರುವುದಿಲ್ಲ. ಕೊನೆಯಲ್ಲಿ ನೀನು ಬರೆದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. "ಮಾವ, ಈ ಹಳೇ ಕಥೆ ಪತ್ರಿಕೆಗಳನ್ನ ಈಗೀಗ ತೆರೆಯೋಕೇ ಭಯ ಆಗುತ್ತೆ. ಪುಟ ತಿರುಗಿಸಿದರೆ ಅಂಚು ಉದುರುತ್ತೆ. ಅದಕ್ಕೆ ಎಲ್ಲವನ್ನೂ ಕವರಿಗೆ ಹಾಕಿ ಅಂಟಿಸಿ ಇಟ್ಟುಬಿಟ್ಟಿದ್ದೀನಿ" ಅಂದಿದ್ದೀಯ. ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಈ ಹುಚ್ಚು ಹತ್ತಿಸಿದವನೇ ನಾನು. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿದ ಅಮೆರಿಕದ ಸಾಹಸ ಕಥೆಗಾರ ರಾಬರ್ಟ್ ಹೊವಾರ್ಡ್‌ನ ಕಥೆಗಳ ಹಳೇ ಪೇಪರ್‌ಬ್ಯಾಕ್ ಕೈಗಿಟ್ಟಾಗ ನೀನು ಒಂಬತ್ತನೇ ಕ್ಲಾಸು. ಒಂದೇ ರಾತ್ರಿಗೆ ಮುಗಿಸಿ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಬಂದಿದ್ದೆ. ಈಗ ನೀನಿರುವುದು ಷಿಕಾಗೋದಲ್ಲಿ, ಹೊವಾರ್ಡ್ ಬರೆಯುತ್ತಿದ್ದ 'ವಿಯರ್ಡ್ ಟೇಲ್ಸ್' ಅನ್ನುವ ವಿಚಿತ್ರ ಕಥೆಗಳ ಪತ್ರಿಕೆ 1923ರಲ್ಲಿ ಶುರುವಾದ ಊರಿನಲ್ಲೇ. ಅದೇ ಪತ್ರಿಕೆಯ 1934ರ ಅಕ್ಟೋಬರ್ ಸಂಚಿಕೆ ನಿನ್ನ ಕಪಾಟಿನಲ್ಲಿದೆ. ಅದನ್ನು ನೀನು ಓದಿಲ್ಲ ಅಂದರೆ ನಾನು ಹೇಗೆ ಸುಮ್ನೆ ಇರಲಿ ಹೇಳು.

ನಿನ್ನ ಭಯ ಸುಳ್ಳಲ್ಲ ಕಣೇ. ಆ ಕಾಗದದ ಹಣೆಬರಹವೇ ಅಷ್ಟು. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದ. ಇಂಥ ಪತ್ರಿಕೆಗಳಿಗೆ ಪಲ್ಪ್ ಅನ್ನುವ ಹೆಸರು ಬಂದದ್ದೇ ಅದರಿಂದ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶ ಅದರೊಳಗೇ ಉಳಿದಿರುತ್ತೆ. ವರ್ಷ ಕಳೆದಂತೆ ಕಾಗದ ಹುಳಿಯಾಗುತ್ತೆ, ಕಂದಾಗುತ್ತೆ, ಆಮೇಲೆ ಹಪ್ಪಳ. ಇಪ್ಪತ್ತೈದು ಸೆಂಟ್ ಕೊಟ್ಟು ಕೊಂಡು, ಓದಿ ಬಿಸಾಕಲಿ ಅಂತಲೇ ಮಾಡಿದ್ದು ಅದು. ತೊಂಬತ್ತು ವರ್ಷ ಉಳಿದು ನಿನ್ನ ಕೈಗೆ ಬಂದದ್ದೇ ದೊಡ್ಡದು. ನೀನು ಮುಟ್ಟಿದರೂ ಅದು ಸವೆಯುತ್ತೆ, ಮುಟ್ಟದೇ ಇದ್ದರೂ ಸವೆಯುತ್ತೆ.

ಬರೆದವರನ್ನು ನೆನೆಸಿಕೋ. ಒಂದು ಪದಕ್ಕೆ ಒಂದು ಸೆಂಟ್ ಸಿಕ್ಕರೆ ಅದೇ ಒಳ್ಳೇ ದರ. ಹೊವಾರ್ಡ್ 1936ರಲ್ಲಿ ಮೂವತ್ತನೇ ವಯಸ್ಸಿಗೆ ಪ್ರಾಣ ಕಳೆದುಕೊಂಡಾಗ ಪತ್ರಿಕೆಯಿಂದ ಆತನಿಗೆ ಸಾವಿರ ಡಾಲರಿಗೂ ಜಾಸ್ತಿ ಬಾಕಿ ಬರಬೇಕಿತ್ತು. ನಿನ್ನ ಅಕ್ಟೋಬರ್ ಸಂಚಿಕೆಯಲ್ಲಿರುವ ಸಿ. ಎಲ್. ಮೂರ್ ಹೆಂಗಸು ಅಂತ ಆಗ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಹೆಸರು ಕ್ಯಾಥರೀನ್, ಇಂಡಿಯಾನಾಪೊಲಿಸಿನ ಒಂದು ಬ್ಯಾಂಕಿನಲ್ಲಿ ಕೆಲಸ. ಕಥೆ ಬರೆದು ಸಂಪಾದಿಸುವುದು ಬ್ಯಾಂಕಿಗೆ ತಿಳಿದರೆ ಕೆಲಸಕ್ಕೆ ಕುತ್ತು ಅಂತ ಬರೀ ಇನಿಷಿಯಲ್ ಹಾಕಿಕೊಂಡಳು. ಹೆನ್ರಿ ಕಟ್ನರ್ ಅನ್ನುವ ಇನ್ನೊಬ್ಬ ಲೇಖಕ "ಮಿಸ್ಟರ್ ಮೂರ್" ಅಂತ ಅಭಿಮಾನದ ಕಾಗದ ಬರೆದ. 1940ರಲ್ಲಿ ಆಕೆಯನ್ನೇ ಮದುವೆಯಾದ. ಅಷ್ಟು ಬಚ್ಚಿಟ್ಟುಕೊಂಡು ಬರೆದವಳನ್ನು ನೀನೂ ಕವರಿನೊಳಗೆ ಬಚ್ಚಿಟ್ಟರೆ ಹೇಗೆ?

ನಿನ್ನ ಮಾತು ನನ್ನನ್ನು ಯಾಕೆ ಇಷ್ಟು ಕಲಕಿತು ಅಂತ ಹೇಳಿಬಿಡುತ್ತೇನೆ. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ.

ತೀರ್ಥಹಳ್ಳಿ ಮನೆಯಲ್ಲಿ ನನ್ನದೊಂದು ಟ್ರಂಕು ಇತ್ತು. ತುಂಬ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಅವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರರ ಹತ್ತಿರ ಹತ್ತಿರ. ಆ ಪತ್ತೇದಾರ ಪುರುಷೋತ್ತಮ ಅಂದರೆ ನಮಗೆ ಮನೆಯವನೇ. ನನ್ನಮ್ಮನಿಗೂ ಅಷ್ಟೇ. ರಾತ್ರಿ ಮುಸುರೆ ತೊಳೆದು, ಬಚ್ಚಲೊಲೆಯ ಬೆಳಕಿಗೆ ಕೂತು ಓದುತ್ತಿದ್ದಳು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವಳು. ನಿಲ್ಲಿಸಿದ ಕಡೆ ಪುಟದ ಮೂಲೆ ಮಡಚುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿಗೆ ಅಂತ ಮೈಸೂರಿಗೆ ಹೊರಟಾಗ ಅವಳ ಕೈಯಲ್ಲಿದ್ದ ಪುಸ್ತಕವನ್ನೂ ಸೇರಿಸಿ, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಬೀಗ ಜಡಿದು ಕೀಲಿ ಜೇಬಿಗಿಳಿಸಿಕೊಂಡೆ. ಹಾಳಾಗಬಾರದು ಅಂತ.

ಎರಡು ಸಲ ಕೇಳಿದಳು. "ಅದು ಅರ್ಧ ಆಗಿತ್ತು ಕಣೋ. ಕೊನೆಗೆ ಕದ್ದಿದ್ದು ಯಾರು?" ರಜಕ್ಕೆ ಬಂದಾಗ ಕೊಡುತ್ತೇನೆ ಅಂದೆ. ಆ ಮಳೆಗಾಲದಲ್ಲೇ ಹೋದಳು. ಅದು ನಿಮಗೆಲ್ಲ ಗೊತ್ತಿರುವುದೇ.

ಹದಿಮೂರು ದಿನ ಕಳೆದ ಮೇಲೆ ಟ್ರಂಕು ತೆಗೆದೆ. ಒಳಗೆ ಬೂಷ್ಟು. ಪುಸ್ತಕಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಅಮ್ಮ ಮಡಚಿದ ಆ ಮೂಲೆ ಮಾತ್ರ ಹೊರಗೆ ಕಾಣುತ್ತಿತ್ತು. ಬಿಡಿಸೋಕೆ ಹೋದೆ, ಆ ಮೂಲೆಯಷ್ಟೇ ಕೈಯಲ್ಲಿ ಉಳಿಯಿತು. ಕದ್ದಿದ್ದು ಯಾರು ಅಂತ ನನಗೂ ಈಗ ನೆನಪಿಲ್ಲ ಪುಟ್ಟಿ.

ಅದಕ್ಕೇ ಹೇಳುತ್ತಿರುವುದು, ಆ ಭಯದ ಕೈಗೆ ಬೀಗ ಕೊಡಬೇಡ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಆದರೂ ತಿಳಿದದ್ದು ಒಂದೆರಡು ಬರೆಯುತ್ತೇನೆ. ಕವರಿನ ಬಾಯನ್ನು ಬಿಗಿಯಾಗಿ ಅಂಟಿಸಬೇಡ, ತೇವ ಒಳಗೇ ಉಳಿಯುತ್ತೆ. ಬೇಸ್‌ಮೆಂಟೂ ಬೇಡ, ಅಟ್ಟವೂ ಬೇಡ. ನೀವೆಲ್ಲ ಮಲಗುವ ಕೋಣೆಯ ಹವೆ ಅದಕ್ಕೂ ಸಾಕು. ಆಸಿಡ್ ಇಲ್ಲದ ರಟ್ಟು ಸಿಗುತ್ತಂತಲ್ಲ, ಅದನ್ನು ಹಿಂದೆ ಇಡು. ಓದುವಾಗ ಎರಡು ದಿಂಬು ಓರೆಯಾಗಿಟ್ಟು ಅದರ ನಡುವೆ ಒರಗಿಸು. ಪೂರ್ತಿ ಅಗಲಿಸಬೇಡ, ಅರ್ಧ ತೆರೆದರೂ ಅಕ್ಷರ ಕಾಣುತ್ತೆ. ರಕ್ಷಾಪುಟ ಒಳಪುಟಗಳಿಗಿಂತ ಸ್ವಲ್ಪ ಆಚೆ ಚಾಚಿಕೊಂಡಿರುತ್ತೆ, ಮೊದಲು ಹರಿಯುವುದೇ ಆ ಅಂಚು. ಅಲ್ಲಿ ಹಿಡಿಯಬೇಡ. ಹರಿದರೆ ಸೆಲೋಟೇಪ್ ಮಾತ್ರ ಹಚ್ಚಬೇಡ, ನಾನು ಹಚ್ಚಿ ಕೆಡಿಸಿದ್ದೇನೆ. ತೀರಾ ಜೀರ್ಣವಾದದ್ದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಇದೆಯಾ ನೋಡು, ಅದರಲ್ಲೇ ಓದು. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಸಿಟ್ಟಾಗಬೇಡ.

ಉದುರುತ್ತೆ, ಒಂದಿಷ್ಟು ಖಂಡಿತ ಉದುರುತ್ತೆ. ಉದುರಿದ ಚೂರನ್ನು ಒಂದು ಲಕೋಟೆಗೆ ಹಾಕಿ ಆ ಸಂಚಿಕೆಯ ಜೊತೆಗೇ ಇಡು. ಅಮ್ಮನ ಆ ಮೂಲೆ ಇನ್ನೂ ನನ್ನ ಹತ್ತಿರ ಇದೆ.

ಈ ಭಾನುವಾರ ಅಕ್ಟೋಬರ್ ಸಂಚಿಕೆಯ ಕವರು ಬಿಚ್ಚುತ್ತೀಯಾ? ಮೂರ್ ಕಥೆಯ ಆ ಕೆಂಪು ಕೂದಲಿನ ನಾಯಕಿ ಜಿರೆಲ್ ತನ್ನ ಕೋಟೆಯ ತಳದ ಸುರಂಗಕ್ಕೆ ಇಳಿಯುವವರೆಗೆ ನನಗೆ ನೆನಪಿದೆ. ಓದಿ ನಲವತ್ತು ವರ್ಷವಾಯಿತು, ಮುಂದಿನದು ಮರೆತಿದ್ದೇನೆ. ಕೊನೆಯಲ್ಲಿ ಏನಾಯಿತು ಅಂತ ನನಗೆ ಬರಿ.

ಇಂತಿ ನಿನ್ನ
ಮಾವ